ಎರಡನೇ ಪ್ರೂಫಿನಲ್ಲಿ ನಿಂತ ಕಾದಂಬರಿ: ಶಿರಸಿ ಕಡೆಯ ಒಂದು ಪ್ರಕರಣ

ಶಿರಸಿಯಿಂದ ಸಿದ್ದಾಪುರದ ದಾರಿ ಹಿಡಿದು, ಡಾಂಬರು ರಸ್ತೆ ಬಿಟ್ಟು ಒಳಗಿಳಿದರೆ ಸಿಗುವ ಒಂದು ಊರು. ಅಲ್ಲಿನ ಕಾದಂಬರಿಕಾರ್ತಿಯೊಬ್ಬರ ಎರಡನೇ ಕಾದಂಬರಿ 2024ರ ಜೂನ್ ಎರಡನೇ ವಾರ ಬೆಂಗಳೂರಿನ ಸಣ್ಣ ಪ್ರಕಾಶನವೊಂದರ ಕೈ ಸೇರಿತು. ಸುಮಾರು 66,000 ಪದ, 22 ಅಧ್ಯಾಯ. ನವರಾತ್ರಿಗೆ ಬಿಡುಗಡೆ ಎಂದು ಮಾತಾಗಿತ್ತು. ಪುಸ್ತಕದ ಕಟ್ಟು ಶಿರಸಿ ಬಸ್ ನಿಲ್ದಾಣದಲ್ಲಿ ಇಳಿದದ್ದು 2025ರ ಜನವರಿ ಕೊನೆಗೆ.

ಇದೇ ಅವಧಿಯಲ್ಲಿ ಅವರ ಮೂರನೇ ಕಾದಂಬರಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ, ವಯಸ್ಸಾದ ಅತ್ತೆ, ಶಿರಸಿಗೆ ಕಾಲೇಜಿಗೆ ಹೋಗುವ ಮಗ. ತಡ ಯಾಕಾಯಿತು ಎಂದು ಕೇಳಿದರೆ ಪ್ರಕಾಶಕರು ‘ಲೇಖಕಿ ತಿದ್ದುತ್ತಲೇ ಇದ್ದರು’ ಎನ್ನುತ್ತಾರೆ, ಲೇಖಕಿ ‘ಡಿಟಿಪಿಯವರು ತಡ ಮಾಡಿದರು’ ಎಂದು ಕಂಪ್ಯೂಟರಿನಲ್ಲಿ ಪುಟ ಕಟ್ಟುವವರನ್ನು ತೋರಿಸುತ್ತಾರೆ. ಕಡತ ತೆರೆದು ತಾರೀಕು ಜೋಡಿಸಿದರೆ ಎರಡೂ ಅರ್ಧ ನಿಜ. ತಿದ್ದುವುದಕ್ಕೆ ಹೋದ ದಿನಗಳು ಕಡಿಮೆ. ಒಂದೇ ಕೃತಿಯ ಎರಡು ಪ್ರತಿಗಳು ಒಟ್ಟೊಟ್ಟಿಗೆ ಬದಲಾಗುತ್ತ ಹೋದವು. ಹೆಚ್ಚಿನ ಸಮಯ ತಿಂದದ್ದು ಅದು. ಉಳಿದದ್ದು ಮುನ್ನುಡಿ ಮತ್ತು ಕರಾರಿನ ಪಾಲು.

ಋತುವಿನ ಲೆಕ್ಕ

ಮಲೆನಾಡಿನ ಮನೆಯಲ್ಲಿ ಬರೆಯುವವರ ಪಂಚಾಂಗವನ್ನು ಪ್ರಕಾಶಕರು ಸಾಮಾನ್ಯವಾಗಿ ಕೇಳುವುದಿಲ್ಲ, ಲೇಖಕರು ಹೇಳುವುದೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮನೆಯವರೆಲ್ಲ ಅದಕ್ಕೇ ಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇರೆ ಬೇರೆ ಕರಗಿಸಿ ಕೂಡಿಸಬೇಕು, ಮಳೆ ಬಿಡುವು ಕೊಟ್ಟ ಹೊತ್ತಿಗೆ ಅಡಿಕೆ ಮರ ಹತ್ತುವ ಕೊನೆಗೌಡ ಮರದ ಮೇಲಿರಬೇಕು. ಆದರೂ ಮಳೆಗಾಲ ಹೊಸದನ್ನು ಬರೆಯಲು ಒಳ್ಳೆಯ ಕಾಲ; ನೋಟ್‌ಬುಕ್ಕಿಗೆ ಕರೆಂಟು ಬೇಡ. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದರೆ ಮುಗಿಯಿತು. ಕೆಂಪಡಿಕೆ ಮಾಡುವ ಮನೆಯಲ್ಲಿ ಹಸಿ ಅಡಿಕೆಯನ್ನು ಕೂಡಲೇ ಸುಲಿಯಬೇಕು, ಬೇಯಿಸಬೇಕು, ಅಟ್ಟಕ್ಕೆ ಹಾಕಿ ಒಣಗಿಸಬೇಕು. ರಾತ್ರಿ ಹನ್ನೊಂದರವರೆಗೆ ಸುಲಿದ ಕಣ್ಣಿಗೆ ಬೆಳಿಗ್ಗೆ ಐದಕ್ಕೆ ಪ್ರೂಫಿನ, ಅಂದರೆ ತಿದ್ದಲು ಬಂದ ಕರಡಚ್ಚಿನ, ಒತ್ತಕ್ಷರ ಕಾಣುವುದಿಲ್ಲ.

ಪ್ರೂಫ್ ಓದಲು ಬೇಕಾದ ಸಮಯಕ್ಕೆ ಒಂದು ಅಂದಾಜಿದೆ. ಕಾದಂಬರಿಗಳಿಗೆ ಮಾಮೂಲಾದ ಡೆಮಿ 1/8 ಆಕಾರದ ಪುಟದಲ್ಲಿ 240ರ ಸುಮಾರಿಗೆ ಪದ ಕೂರುತ್ತವೆ. ಕಾಗದದ ಮೇಲೆ, ಅಕ್ಷರ ಅಕ್ಷರ ನೋಡುತ್ತ ಓದಿದರೆ ದಿನಕ್ಕೆ 25–30 ಪುಟ. ಅದಕ್ಕಿಂತ ಹೆಚ್ಚು ಓದಿದರೆ ಕಣ್ಣು ತಾನೇ ತಪ್ಪನ್ನು ಸರಿಮಾಡಿಕೊಂಡು ಮುಂದೆ ಹೋಗುತ್ತದೆ. 288 ಪುಟಕ್ಕೆ ಹತ್ತು ಹನ್ನೆರಡು ದಿನ. ಈ ಲೇಖಕಿಗೆ ಸಿಗುತ್ತಿದ್ದದ್ದು ಬೆಳಗಿನ ಎರಡೂವರೆ ತಾಸು, ಮಧ್ಯಾಹ್ನ ಊಟದ ಮೇಲೆ ಎರಡು ತಾಸು. ಬೆಳಗಿನದು ಧಾರಾವಾಹಿಗೆ, ಮಧ್ಯಾಹ್ನದ್ದು ಪ್ರೂಫಿಗೆ ಎಂದು ಹಂಚಿಕೊಂಡಿದ್ದರು. ನಮ್ಮ ಅಭಿಪ್ರಾಯದಲ್ಲಿ ತಿರುಗಾಮುರುಗಾ ಇರಬೇಕಿತ್ತು. ಹೊಸ ಬರವಣಿಗೆ ದಣಿದ ತಲೆಯಿಂದಲೂ ಒಂದಿಷ್ಟು ಸಾಗುತ್ತದೆ, ಪ್ರೂಫ್ ಸಾಗುವುದಿಲ್ಲ.

ಧಾರಾವಾಹಿಯ ಕಂತು 1,800 ಪದ. ಸಂಚಿಕೆಯ ದಿನಾಂಕಕ್ಕೆ ಹನ್ನೆರಡು ದಿನ ಮೊದಲೇ ಕಂತು ಪತ್ರಿಕೆಗೆ ಹೋಗಬೇಕು, ಚಿತ್ರ ಬರೆಯುವ ಕಲಾವಿದರಿಗೆ ಸಮಯ ಬೇಕಲ್ಲ. ಸೆಪ್ಟೆಂಬರ್‌ನಲ್ಲಿ ಶುರುವಾದಾಗ ಐದು ಕಂತು ಕೈಯಲ್ಲಿದ್ದವು. ಡಿಸೆಂಬರ್ ಮೊದಲ ವಾರ ಉಳಿದದ್ದು ಒಂದು. ಈ ಕರಗುವಿಕೆಗೆ ಧಾರಾವಾಹಿ ಕಾರಣವಲ್ಲ, ಹಳೆಯ ಕಾದಂಬರಿಯ ಪ್ರೂಫು ಮೂರು ಸಲ ವಾಪಸು ಬಂದದ್ದು ಕಾರಣ.

ಸಂಪಾದಕರ ಕೈಯಲ್ಲಿ

ಪ್ರಕಾಶನದ ಪರವಾಗಿ ಹಸ್ತಪ್ರತಿ ನೋಡಿದವರು ಕಾರವಾರದಲ್ಲಿರುವ ನಿವೃತ್ತ ಅಧ್ಯಾಪಕರು. ಅವರು ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದುವವರು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಕುಮಟಾ ಮೇಲೆ ಬರಬೇಕಿದ್ದ ತಿದ್ದಿದ ಪ್ರತಿ ಯಲ್ಲಾಪುರ ಸುತ್ತಿ ಜುಲೈ ಕೊನೆಗೆ ಶಿರಸಿ ತಲುಪಿತು. ಪುಟಗಳ ಫೋಟೊ ಮೊದಲೇ ತೆಗೆದಿಟ್ಟಿದ್ದರೆ ಎರಡು ವಾರ ಉಳಿಯುತ್ತಿತ್ತು.

ಕಾದಂಬರಿ ನಡೆಯುವುದು ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಎತ್ತಂಗಡಿಯಾದ ಒಂದು ಮೀನುಗಾರ ಕುಟುಂಬದ ಸುತ್ತ. ಅಂಥ ಕೃತಿಯಲ್ಲಿ ಭಾಷೆಗಿಂತ ಮೊದಲು ಇಸವಿ ನೋಡಬೇಕು ಎಂಬುದು ಸಂಪಾದಕರ ಪಟ್ಟು, ಅದು ಸರಿ. ಯೋಜನೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಅಲ್ಲಿನ ನೆಲೆ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಈ ಹತ್ತೊಂಬತ್ತು ವರ್ಷದ ನಡುವೆ ಪಾತ್ರಗಳ ವಯಸ್ಸು ಹೊಂದಬೇಕು. ಅಧ್ಯಾಯ 9ರಲ್ಲಿ ನಾಯಕನ ಅಣ್ಣ 1994ರ ಮಳೆಗಾಲದಲ್ಲಿ ಕಾರವಾರದಿಂದ ರೈಲು ಹತ್ತಿ ಮುಂಬೈಗೆ ಹೋಗುತ್ತಿದ್ದ. ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡಲು ಶುರುವಾದದ್ದು 1998ರ ಜನವರಿ 26ರಿಂದ. ಹಾಗಾಗಿ ತಿದ್ದಿದ ಪ್ರತಿಯಲ್ಲಿ ಅಣ್ಣ ಬಸ್ಸು ಹತ್ತಿದ. ಅದರ ಬೆನ್ನಿಗೇ ರೈಲಿನಲ್ಲಿ ನಡೆಯುವ ಒಂದು ಜಗಳ, ಆ ಜಗಳವನ್ನು ನೆನೆಯುವ ಅಧ್ಯಾಯ 17ರ ಒಂದು ಪ್ಯಾರಾ ಎರಡೂ ಬದಲಾಗಬೇಕಾಯಿತು. ಒಂದು ಇಸವಿಯ ತಪ್ಪು ಸರಾಸರಿ ಎರಡು ಮೂರು ಕಡೆ ಬೇರು ಬಿಟ್ಟಿರುತ್ತದೆ. ಪಾತ್ರ, ಹುಟ್ಟಿದ ವರ್ಷ, ಅಧ್ಯಾಯ, ಆಗಿನ ವಯಸ್ಸು ಎಂದು ನಾಲ್ಕು ಕಲಮಿನ ಕೋಷ್ಟಕವನ್ನು ಹಸ್ತಪ್ರತಿಯ ಜೊತೆಗೇ ಕೊಟ್ಟಿದ್ದರೆ ಸಂಪಾದಕರ ಅರ್ಧ ಕೆಲಸ ಉಳಿಯುತ್ತಿತ್ತು.

ಭಾಷೆಯ ಕಡೆ ತೊಡಕು ಮಾತುಕತೆಯಲ್ಲಿ. ಮಲೆನಾಡಿನ ಹವ್ಯಕ ಮನೆಯೊಂದು ಬರುತ್ತದೆ, ಕಾರವಾರದ ಕೊಂಕಣಿಯೂ ಬರುತ್ತದೆ. ಒಂದೇ ಪಾತ್ರ ಒಂದು ಪುಟದಲ್ಲಿ ‘ಆನು’, ಇನ್ನೊಂದರಲ್ಲಿ ‘ಯಾನು’ ಎನ್ನುತ್ತಿತ್ತು. ಸಂಪಾದಕರು ಎರಡು ಪುಟದ ಒಂದು ಪಟ್ಟಿ ಮಾಡಿದರು: ಯಾವ ಪಾತ್ರ ಯಾವ ರೂಪ ಬಳಸುತ್ತದೆ, ಊರುಗಳ ಹೆಸರು ಹೇಗೆ (ಕೋಡಿಬಾಗ, ಸದಾಶಿವಗಡ), ಅಂಕಿ ಎಲ್ಲಿ, ಅಕ್ಷರ ಎಲ್ಲಿ. ಇಂಥ ಪಟ್ಟಿ ಡಿಟಿಪಿಯವರ ಮೇಜಿನ ಮೇಲೂ ಇರಬೇಕು. ಇಲ್ಲಿ ಇರಲಿಲ್ಲ. ಹಾಗಾಗಿ ಒಂದು ಹಂತದಲ್ಲಿ ನಿರೂಪಣೆಯಲ್ಲಿದ್ದ ‘ಅವ’ ಎಂಬುದನ್ನೆಲ್ಲ ‘ಅವನು’ ಮಾಡಿ ಎಂದು ಫೋನಿನಲ್ಲಿ ಹೇಳಿದ್ದಕ್ಕೆ, ಹುಡುಕಿ-ಬದಲಿಸುವ ಆಜ್ಞೆ ಒಮ್ಮೆಗೇ ಓಡಿ, ‘ಅವಳು’ ‘ಅವನುಳು’ ಆಯಿತು, ‘ಅವಕಾಶ’ ‘ಅವನುಕಾಶ’ ಆಯಿತು. ಪದಕ್ಕೆ ಪ್ರತ್ಯಯ ಅಂಟುವ ಭಾಷೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಗುಂಡಿ ಒತ್ತಲೇಬಾರದು; ಒಂದೊಂದನ್ನೇ ನೋಡಿ ಬದಲಿಸಬೇಕು.

ಎರಡು ಪ್ರತಿ, ಎರಡು ಲಿಪಿಸಂಕೇತ

ಲೇಖಕಿ ಬರೆಯುವುದು ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳಿರುವ ಯುನಿಕೋಡ್‌ನಲ್ಲಿ, ವರ್ಡ್ ಫೈಲಿನಲ್ಲಿ. ಶಿರಸಿಯ ಡಿಟಿಪಿ ಅಂಗಡಿ ಪುಟ ಕಟ್ಟುವುದು ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ, ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡ ಬರುವುದಿಲ್ಲ. ಕನ್ನಡದಲ್ಲಿ ಇಂದಿಗೂ ಎಷ್ಟೋ ಪುಸ್ತಕಗಳು ಹೀಗೇ ಆಗುತ್ತವೆ, ಅದರಲ್ಲಿ ಅವಮಾನವೇನಿಲ್ಲ: ಆಪರೇಟರ್‌ಗೆ ಕೈ ಪಳಗಿದೆ, ಅಕ್ಷರ ಚೆನ್ನಾಗಿ ಕೂರುತ್ತದೆ, ಮುದ್ರಣಾಲಯಕ್ಕೆ ಪಿಡಿಎಫ್ ಸಿಕ್ಕರೆ ಸಾಕು. ತೊಂದರೆ ಇರುವುದು ಪರಿವರ್ತನೆಯಲ್ಲಿ.

ಯುನಿಕೋಡ್ ಪಠ್ಯ ಆಸ್ಕಿಗೆ ಹೋಗುವಾಗ ಹಲವು ಪರಿವರ್ತಕಗಳಲ್ಲಿ ಕಣ್ಣಿಗೆ ಕಾಣದ ಬೇರ್ಪಡಿಸುವ ಚಿಹ್ನೆ ಬಿದ್ದುಹೋಗುತ್ತದೆ. ‘ಡಿಸೆಂಬರ್‌ನಲ್ಲಿ’ ಎಂದಿದ್ದದ್ದು ‘ಡಿಸೆಂಬರ್ನಲ್ಲಿ’ ಎಂದು ಅರ್ಕಾವತ್ತು ಹಾಕಿಕೊಂಡು ಬರುತ್ತದೆ. ಆಸ್ಕಿ ಫಾಂಟು ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುವುದರಿಂದ, ನಡುವೆ ಇರುವ ಇಂಗ್ಲಿಷ್ ಪದಕ್ಕೆ ಫಾಂಟು ಬದಲಿಸದೆ ಬಿಟ್ಟರೆ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪು ಕಾಣುತ್ತದೆ. ಮಾತಿನ ಸುತ್ತಲಿನ ಬಾಗಿದ ಉದ್ಧರಣ ಚಿಹ್ನೆಗಳೂ ಹೀಗೇ ಬೇರೆ ಏನೋ ಆಗಬಹುದು. ಆದ್ದರಿಂದ ಮೊದಲ ಪ್ರೂಫಿನಲ್ಲಿ ಕಥೆ ಓದುವ ಮೊದಲು ಈ ಮೂರನ್ನೇ ಹುಡುಕುತ್ತ ಒಮ್ಮೆ ಪುಟ ತಿರುವಬೇಕು. ಅಲ್ಪಪ್ರಾಣ-ಮಹಾಪ್ರಾಣ, ಶ-ಷ, ಗುಡಿಸು-ದೀರ್ಘ ಇವೆಲ್ಲ ಎರಡನೇ ಸುತ್ತಿಗೆ.

ಈಗ ಪ್ರಕರಣದ ಗಂಟಿಗೆ ಬರೋಣ. ಆಗಸ್ಟ್ ಮೊದಲ ವಾರ ಅಂತಿಮ ಫೈಲು ಡಿಟಿಪಿಗೆ ಹೋಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕುಳಿದ. ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ನಾಯಕ ಅದೇ ಸೇತುವೆಯ ಮೇಲೆ ನಿಂತಿರುತ್ತಾನೆ. ಸಂಪಾದಕರು ಹೇಳಿದರು, ದೃಶ್ಯ ನಡೆಯುವುದು 2023ರಲ್ಲಿ, ಮುಟ್ಟುವುದು ಬೇಡ. ಲೇಖಕಿಗೆ ಸಮಾಧಾನವಾಗಲಿಲ್ಲ. ಪುಸ್ತಕ ಕೈಗೆತ್ತಿಕೊಳ್ಳುವ ಕಾರವಾರದ ಓದುಗನಿಗೆ ಆ ಸೇತುವೆ ಇಲ್ಲ ಎಂಬುದು ಗೊತ್ತು, ಕಾದಂಬರಿಗೆ ಗೊತ್ತಿಲ್ಲ. ಅದು ಹೊಂದುವುದಿಲ್ಲ ಎಂದು ಅವರ ವಾದ. ಕಲೆಯ ದೃಷ್ಟಿಯಿಂದ ಇಬ್ಬರದೂ ಒಪ್ಪುವಂಥದ್ದೇ. ಲೇಖಕಿ ಕೊನೆಯ ಅಧ್ಯಾಯದ 14 ಪುಟಗಳನ್ನು ಹೊಸದಾಗಿ ಬರೆದರು. ಬರೆದದ್ದು ತಮ್ಮ ಹತ್ತಿರವಿದ್ದ ಯುನಿಕೋಡ್ ಫೈಲಿನ ಮೇಲೆ.

ಅಷ್ಟರಲ್ಲಿ ಮೊದಲ ಪ್ರೂಫ್ ಬಂದು, ಅದರ ತಿದ್ದುಪಡಿಗಳೆಲ್ಲ ಪೇಜ್‌ಮೇಕರ್ ಫೈಲಿಗೆ ಏರಿದ್ದವು. ಆ ಹದಿನಾಲ್ಕು ಪುಟಗಳಲ್ಲೇ 31 ತಿದ್ದುಪಡಿ ಇದ್ದವು. ಯುನಿಕೋಡ್ ಫೈಲಿನಲ್ಲಿ ಅವು ಒಂದೂ ಇರಲಿಲ್ಲ. ಹೊಸ ಅಧ್ಯಾಯ ಬಂತೆಂದು ಆಪರೇಟರ್ ಹಳೆಯದನ್ನು ಅಳಿಸಿ ಹೊಸದನ್ನು ಹರಿಸಿದ. ಬದಲಾಗದೆ ಉಳಿದ ಪ್ಯಾರಾಗಳಲ್ಲಿ ತಿದ್ದಿದ್ದ ತಪ್ಪುಗಳೆಲ್ಲ ಮರಳಿ ಬಂದವು. ಸಾಲದ್ದಕ್ಕೆ ಲೇಖಕಿ ಅದೇ ಫೈಲಿನಲ್ಲಿ ಅಧ್ಯಾಯ 3 ಮತ್ತು 11ರಲ್ಲಿ ಸಣ್ಣಪುಟ್ಟದ್ದನ್ನು ಬದಲಿಸಿದ್ದರು, ಹೇಳಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಬಂದ ಎರಡನೇ ಪ್ರೂಫಿನಲ್ಲಿ ಯಾವ ತಪ್ಪು ಹೊಸದು, ಯಾವುದು ಹಳೆಯದು ಎಂದು ಯಾರಿಗೂ ಹೇಳಲಾಗದ ಸ್ಥಿತಿ. ಆಪರೇಟರ್ ಫೋನ್ ಮಾಡಿ ಕೇಳಿದ ಮಾತು ಪ್ರಕರಣದ ಸಾರವೇ: ‘ಅಕ್ಕಾ, ಈಗ ಯಾವುದು ಖರೇ ಪ್ರತಿ, ನಿಮ್ಮ ಹತ್ರ ಇರೋದಾ, ನನ್ನ ಹತ್ರ ಇರೋದಾ?’

ಯಂತ್ರದಿಂದ ಹೋಲಿಸುವುದೂ ಸುಲಭವಿರಲಿಲ್ಲ. ಪೇಜ್‌ಮೇಕರ್‌ನಿಂದ ಪಠ್ಯ ಹೊರತೆಗೆದು, ಮತ್ತೆ ಯುನಿಕೋಡ್‌ಗೆ ತಿರುಗಿಸಿ, ವರ್ಡ್‌ನ ಹೋಲಿಕೆ ಸೌಲಭ್ಯದಲ್ಲಿ ಇಟ್ಟರೆ ಪರಿವರ್ತನೆಯ ಗದ್ದಲವೂ ವ್ಯತ್ಯಾಸವೆಂದೇ ತೋರುತ್ತದೆ. ಕೊನೆಗೆ ಒಂದೇ ದಾರಿ ಉಳಿಯಿತು. ಪೇಜ್‌ಮೇಕರ್ ಪ್ರತಿಯೇ ಮೂಲ ಎಂದು ತೀರ್ಮಾನಿಸಿ, ಮೊದಲ ಪ್ರೂಫಿನ ಕಾಗದವನ್ನು ಎದುರಿಗಿಟ್ಟುಕೊಂಡು, ಕೊನೆಯ ಅಧ್ಯಾಯವನ್ನು ಸಾಲು ಸಾಲು ತಾಳೆ ನೋಡಿದರು. ಅದೃಷ್ಟಕ್ಕೆ ಆ ಕಾಗದವನ್ನು ರದ್ದಿಗೆ ಹಾಕಿರಲಿಲ್ಲ. ಪ್ರೂಫಿನ ಪ್ರತಿ ಸುತ್ತಿನ ಕಾಗದವನ್ನೂ ಪುಸ್ತಕ ಅಚ್ಚಾಗಿ ಬರುವವರೆಗೆ ಇಟ್ಟುಕೊಳ್ಳಬೇಕು, ಮೇಲ್ಗಡೆ ತಾರೀಕು ಬರೆದು.

ಅಲ್ಲಿಂದ ಮುಂದೆ ಹಾಕಿಕೊಂಡ ಕ್ರಮ ಬೇರೆಯವರಿಗೂ ಉಪಯೋಗಕ್ಕೆ ಬರುವಂಥದ್ದು. ಡಿಟಿಪಿಗೆ ಫೈಲು ಹೋದ ದಿನವೇ ಲೇಖಕಿಯ ಫೈಲನ್ನು ಓದಲು ಮಾತ್ರ ಎಂದು ಮುಚ್ಚುವುದು. ಆಮೇಲಿನ ಬದಲಾವಣೆ ಏನಿದ್ದರೂ ಪುಟ, ಸಾಲು, ಇರುವುದು, ಆಗಬೇಕಾದದ್ದು ಎಂದು ಪಟ್ಟಿಯಲ್ಲಿ ಬರೆಯುವುದು. ಪಟ್ಟಿಗೆ ಸಂಖ್ಯೆ, ತಾರೀಕು. ವಾಟ್ಸಾಪ್ ಧ್ವನಿ ಸಂದೇಶದಲ್ಲಿ ತಿದ್ದುಪಡಿ ಹೇಳುವುದು ಬಂದ್. ಎರಡನೇ ಪ್ರೂಫಿನಲ್ಲಿ ಇಡೀ ಪುಸ್ತಕ ಓದುವುದಿಲ್ಲ: ಗುರುತು ಮಾಡಿದ ಜಾಗ, ಅದರ ಮೇಲೆ ಕೆಳಗೆ ಮೂರು ಮೂರು ಸಾಲು, ಆಮೇಲೆ ಆ ಪುಟದ ಕೊನೆ ಮತ್ತು ಮುಂದಿನ ಪುಟದ ತಲೆ. ಯಾಕೆಂದರೆ ಒಂದು ಪದ ಬೆಳೆದರೆ ಸಾಲು ಬೆಳೆಯುತ್ತದೆ, ಪ್ಯಾರಾ ಒಂದು ಸಾಲು ಇಳಿಯುತ್ತದೆ, ಅಧ್ಯಾಯದ ಕೊನೆಯ ಒಂದೇ ಸಾಲು ಹೊಸ ಪುಟಕ್ಕೆ ಹೋಗಿ ಒಂಟಿಯಾಗಿ ಕೂರುತ್ತದೆ. ಎರಡನೇ ಪ್ರೂಫಿನಲ್ಲಿ ಒಂದು ಪದ ತೆಗೆದರೆ ಅಷ್ಟೇ ಉದ್ದದ ಇನ್ನೊಂದನ್ನು ಹಾಕುವ ಅಭ್ಯಾಸ ಹಳೆಯ ಅಚ್ಚುಮೊಳೆ ಜೋಡಿಸುವವರದು. ಅದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಮೂರನೆಯದರಲ್ಲಿ ಪುಟಸಂಖ್ಯೆ, ಮೇಲಿನ ಶೀರ್ಷಿಕೆ, ಪರಿವಿಡಿ ಮತ್ತು ಕಥೆಗೆ ಮೊದಲು ಬರುವ ಮುಂಪುಟಗಳು ಮಾತ್ರ.

ಎಲ್ಲ ಮುಗಿದ ಮೇಲೆ ಪಟ್ಟಿಯಲ್ಲಿದ್ದದ್ದನ್ನೆಲ್ಲ ಮುಚ್ಚಿಟ್ಟ ಯುನಿಕೋಡ್ ಫೈಲಿಗೂ ಏರಿಸಬೇಕು. ಇದು ಬೇಜಾರಿನ ಕೆಲಸ, ಬಿಟ್ಟುಬಿಡುವವರೇ ಹೆಚ್ಚು. ಬಿಟ್ಟರೆ ನಾಳೆ ಇ-ಪುಸ್ತಕಕ್ಕೋ ಅನುವಾದಕರಿಗೋ ಕೊಡಲು ಇರುವುದು ತಿದ್ದದ ಪ್ರತಿ ಒಂದೇ.

ಮುನ್ನುಡಿಗೆ ಕಾದದ್ದು

ಅಕ್ಟೋಬರ್ 20ರ ಹೊತ್ತಿಗೆ ಪಠ್ಯ ಸ್ವಚ್ಛವಾಗಿತ್ತು. ಮುನ್ನುಡಿ ಬಂದಿರಲಿಲ್ಲ. ಹಿರಿಯರೊಬ್ಬರು ಆಗಸ್ಟ್‌ನಲ್ಲಿ ‘ಬರಕೊಡ್ತೆ ತಂಗಿ’ ಎಂದಿದ್ದರು. ನೆನಪಿಸುವುದು ಹೇಗೆಂಬ ಸಂಕೋಚದಲ್ಲಿ ಒಂದು ತಿಂಗಳು ಹೋಯಿತು. ನವೆಂಬರ್ 18ಕ್ಕೆ ಕೈಬರಹದ ಹಾಳೆಗಳ ಫೋಟೊಗಳು ವಾಟ್ಸಾಪ್‌ನಲ್ಲಿ ಬಂದವು, ಎರಡು ಹಾಳೆಯ ಅಂಚು ಕತ್ತರಿಸಿಹೋಗಿತ್ತು. ಟೈಪು ಮಾಡಿದರೆ ಒಂಬತ್ತು ಪುಟ. ಇಟ್ಟಿದ್ದ ಜಾಗ ನಾಲ್ಕು.

ಇದು ಯಾಕೆ ದೊಡ್ಡ ವಿಷಯ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಡೆಮಿ 1/8ರಲ್ಲಿ ಒಂದು ಫಾರ್ಮ್, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆ, ಎಂದರೆ 16 ಪುಟ. 12 ಮುಂಪುಟ, 276 ಕಥಾಪುಟ, ಒಟ್ಟು 288. ಸರಿಯಾಗಿ 18 ಫಾರ್ಮ್. ಮುದ್ರಣಾಲಯದ ದರಪಟ್ಟಿ ಅದರ ಮೇಲೆಯೇ ನಿಂತಿತ್ತು. ಬೆನ್ನಿನ ಅಗಲವೂ ಅದರ ಮೇಲೆಯೇ: 70 ಜಿಎಸ್ಎಂ ಮ್ಯಾಪ್‌ಲಿಥೋ ಹಾಳೆಯ ದಪ್ಪ ಸುಮಾರು 0.09 ಮಿಲಿಮೀಟರ್, 144 ಹಾಳೆಗೆ 13 ಮಿಲಿಮೀಟರ್. ರಕ್ಷಾಪುಟ ಆ ಅಳತೆಗೆ ಆಗಲೇ ಅಚ್ಚಾಗಿತ್ತು. ಈಗ ಮುಂಪುಟ 17, ಕಥೆ ಬಲಗಡೆ ಪುಟದಿಂದ ಶುರುವಾಗಲು ಒಂದು ಖಾಲಿ, ಒಟ್ಟು 294. ಹತ್ತೊಂಬತ್ತನೇ ಫಾರ್ಮ್ ತೆಗೆದುಕೊಂಡರೆ ಹತ್ತು ಪುಟ ಖಾಲಿ. ಅರ್ಧ ಫಾರ್ಮ್ ಸೇರಿಸಿ 296 ಮಾಡಿದರೆ ಪ್ಲೇಟು, ಬೈಂಡಿಂಗ್ ಎರಡಕ್ಕೂ ಹೆಚ್ಚುವರಿ. ಹಿರಿಯರ ಮುನ್ನುಡಿಯನ್ನು ಕತ್ತರಿಸುವ ಧೈರ್ಯ ಪ್ರಕಾಶಕರಿಗೂ ಇರಲಿಲ್ಲ.

ದಾರಿ ತೋರಿಸಿದವನು ಆಪರೇಟರ್. ಪ್ರತಿ ಅಧ್ಯಾಯ ಬಲಪುಟದಿಂದಲೇ ಶುರುವಾಗಬೇಕೆಂಬ ನಿಯಮದಿಂದ ಒಳಗೆ ಎಂಟು ಎಡಪುಟ ಖಾಲಿ ಬಿದ್ದಿದ್ದವು. ಅಧ್ಯಾಯ ಯಾವ ಪುಟದಲ್ಲಾದರೂ ಶುರುವಾಗಲಿ ಎಂದರೆ ಕಥೆ 268 ಪುಟಕ್ಕೆ ಇಳಿಯುತ್ತದೆ, ಮುಂಪುಟ 18 ಸೇರಿ 286, ಉಳಿದ ಎರಡು ಪುಟಕ್ಕೆ ಲೇಖಕಿಯ ಪರಿಚಯ. ಮತ್ತೆ 288. ಪರಿವಿಡಿಯ ಎಲ್ಲ ಸಂಖ್ಯೆಗಳೂ ಬದಲಾದವು, ಅಷ್ಟೇ. ಮುನ್ನುಡಿ ಕೇಳುವಾಗ ‘ಎರಡೂವರೆ ಪುಟ, ಸುಮಾರು 600 ಪದ’ ಎಂದು ಬಾಯಿಬಿಟ್ಟು ಹೇಳುವುದು ಅಗೌರವವಲ್ಲ. ಪತ್ರಿಕೆಯವರು ಅದೇ ಹಿರಿಯರಿಗೆ ವಾರವಾರ ಹೇಳುತ್ತಾರೆ.

ಕರಾರು

ಎಲ್ಲದಕ್ಕಿಂತ ಮೊದಲು ಆಗಬೇಕಾದದ್ದು ಡಿಸೆಂಬರ್‌ನಲ್ಲಿ ಆಯಿತು. ಪುಟ ಕಟ್ಟಿ, ರಕ್ಷಾಪುಟ ಅಚ್ಚಾಗಿ, ಖರ್ಚು ಬಿದ್ದ ಮೇಲೆ ಬಂದ ಕರಾರಿನಲ್ಲಿ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ’ ಎಂದಿತ್ತು. ದುರುದ್ದೇಶವೇನೂ ಇಲ್ಲ, ಯಾವುದೋ ಹಳೆಯ ನಮೂನೆಯಿಂದ ನಕಲು ಮಾಡಿದ್ದು. ಆ ಹೊತ್ತಿಗೆ ತಕರಾರು ತೆಗೆಯುವುದು ಲೇಖಕಿಗೆ ಕಷ್ಟ, ಅದಕ್ಕೇ ಕರಾರು ಡಿಟಿಪಿಗಿಂತ ಮೊದಲು ಆಗಬೇಕು.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಇಲ್ಲಿ ಲೇಖಕರ ಪರ ನಿಲ್ಲುತ್ತದೆ. ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಧನ ಎಂದು ನಮೂದಿಸಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ತಿಳಿಯಲಾಗುತ್ತದೆ. ಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ಅದು ತಾನಾಗಿ ಮರಳುತ್ತದೆ. ಆದರೆ ‘ಶಾಶ್ವತ’ ಎಂದು ಬರೆದು ಸಹಿ ಮಾಡಿದ ಮೇಲೆ ಐದು ವರ್ಷದ ರಕ್ಷಣೆ ಸಿಗುವುದಿಲ್ಲ. ಕೊನೆಗೆ ಒಪ್ಪಿಗೆಯಾದದ್ದು: ಕನ್ನಡ ಮುದ್ರಿತ ಆವೃತ್ತಿಯ ಹಕ್ಕು ಐದು ವರ್ಷ, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಲೇಖಕಿಯ ಬಳಿ.

ರಾಯಧನ ‘ಶೇ. 10’ ಎಂದಷ್ಟೇ ಇತ್ತು. ಯಾವುದರ ಮೇಲೆ? ಬೆಲೆ 350 ರೂಪಾಯಿ, 1,000 ಪ್ರತಿ. ಮುದ್ರಿತ ಬೆಲೆಯ ಮೇಲಾದರೆ ಪ್ರತಿಗೆ 35, ಎಲ್ಲ ಮಾರಿದರೆ 35,000. ಅಂಗಡಿಗೆ ಶೇ. 40 ರಿಯಾಯಿತಿ ಹೋಗಿ ಕೈಗೆ ಬರುವ 210ರ ಮೇಲಾದರೆ ಪ್ರತಿಗೆ 21, ಒಟ್ಟು 21,000. ಒಂದು ಪದದ ಬೆಲೆ ಹದಿನಾಲ್ಕು ಸಾವಿರ. ನಗದಿನ ಬದಲು ನೂರು ಪ್ರತಿ ಕೊಡುತ್ತೇವೆ ಎಂಬ ಮಾತೂ ಬಂತು. ಕನ್ನಡದಲ್ಲಿ ಇದು ಮಾಮೂಲು. ಮುಖಬೆಲೆ ನೋಡಿದರೆ ಲೆಕ್ಕ ಸಮವೇ, ಆದರೆ ಆಮೇಲೆ ಅಂಚೆಕಚೇರಿಗೆ ಓಡಾಡುವುದು, ಹಣ ವಸೂಲು ಮಾಡುವುದು ಲೇಖಕಿಯ ಪಾಲಿಗೆ. ಬೇಡ ಎಂದದ್ದು ಸರಿಯಾಯಿತು. ಮುದ್ರಿತ ಬೆಲೆಯ ಮೇಲೆ ಶೇ. 10, ಗೌರವಪ್ರತಿ 25, ಗ್ರಂಥಾಲಯ ಇಲಾಖೆಗೆ ಹೋಗುವ ಪ್ರತಿಗಳಿಗೆ ಇಲಾಖೆ ಕೊಡುವ ಪುಟವಾರು ದರದ ಮೇಲೆ ಶೇ. 10 ಎಂದು ಬರೆಸಿದರು. ಈ ಕೊನೆಯದನ್ನು ಬರೆಯದೆ ಬಿಟ್ಟರೆ ಆಮೇಲೆ ಜಗಳ ಖಂಡಿತ.

ಇನ್ನೊಂದು ಷರತ್ತು: ಕೃತಿಯಲ್ಲಿರುವುದೆಲ್ಲ ಸ್ವಂತದ್ದು, ಬೇರೆಯವರ ಹಕ್ಕಿಗೆ ಧಕ್ಕೆಯಾದರೆ ಲೇಖಕಿ ಹೊಣೆ. ಸಹಿಗೆ ಮೊದಲು ಇದನ್ನು ಓದಿದಾಗಲೇ ನೆನಪಾದದ್ದು, ಭಾಗ ಎರಡರ ತಲೆಯಲ್ಲಿ ಒಂದು ಚಿತ್ರಗೀತೆಯ ನಾಲ್ಕು ಸಾಲಿವೆ. ಕವಿ ತೀರಿಕೊಂಡು 60 ವರ್ಷವಾಗುವವರೆಗೆ ಹಕ್ಕು ಉಳಿದಿರುತ್ತದೆ. ಅನುಮತಿ ಕೇಳಲು ಸಮಯವಿರಲಿಲ್ಲ. ಸಾಲು ತೆಗೆದು ಆ ಜಾಗ ಬಿಳಿ ಬಿಟ್ಟರು. ಓದಲು ಅದೇ ಚೆನ್ನಾಗಿದೆ, ಅದು ಬೇರೆ ಮಾತು.

ಮುದ್ರಣ ವಿವರದ ಪುಟ ಮತ್ತು ಉಳಿದ ಕಾಗದ

ಡಿಸೆಂಬರ್ ಮಧ್ಯದಲ್ಲಿ ಪ್ರಕಾಶಕರಿಗೆ ಅವಸರ ಹತ್ತಿತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿ, ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ ಎರಡೂ ಪ್ರಥಮ ಮುದ್ರಣದ ವರ್ಷ ಹಿಡಿದು ಅರ್ಜಿ ಕರೆಯುತ್ತವೆ. ಡಿಸೆಂಬರ್ 31ರೊಳಗೆ ಆದರೆ 2024. ಅತ್ತ ಕೊನೆ ಕೊಯ್ಲು, ಇತ್ತ ಕೈಯಲ್ಲಿ ಒಂದೇ ಕಂತು. ‘ಮೇಡಂ, ನಾಲ್ಕು ದಿನದಲ್ಲಿ ಕೊನೆಯ ಪ್ರೂಫ್ ನೋಡಿಕೊಡಿ’ ಎಂಬ ಬೇಡಿಕೆ. ಲೇಖಕಿ ಒಪ್ಪಲಿಲ್ಲ. ವರ್ಷವನ್ನು 2025 ಎಂದು ಬದಲಿಸಿ ಜನವರಿಯಲ್ಲಿ ಅಚ್ಚು ಹಾಕುವುದಾಯಿತು. ನಷ್ಟವೇನಿಲ್ಲ: ಡಿಸೆಂಬರ್ ಕೊನೆಯ ಪುಸ್ತಕ ಓದುಗರಿಗೆ ತಲುಪುವ ಮೊದಲೇ ಹಳೆಯ ವರ್ಷದ್ದಾಗುತ್ತದೆ, ಜನವರಿಯದಕ್ಕೆ ಹನ್ನೊಂದು ತಿಂಗಳು ಸಿಗುತ್ತದೆ. ಮಾಡಬಾರದ್ದು ಒಂದೇ, ಜನವರಿಯಲ್ಲಿ ಅಚ್ಚು ಹಾಕಿ 2024 ಎಂದು ಬಿಡುವುದು. ರಾಜ್ಯ ಕೇಂದ್ರ ಗ್ರಂಥಾಲಯದ ಕಾಪಿರೈಟ್ ವಿಭಾಗದ ನೋಂದಣಿಯ ತಾರೀಕೂ ಪುಸ್ತಕದ ವರ್ಷವೂ ಹೊಂದದೆ ಅರ್ಜಿ ತೊಡಕಾಗಬಹುದು.

ಮುದ್ರಣ ವಿವರದ ಪುಟದಲ್ಲಿ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ತಪ್ಪಿತ್ತು. ಪಕ್ಕಪಕ್ಕದ 1 ಮತ್ತು 6 ಅದಲುಬದಲಾಗಿದ್ದವು. ಹದಿಮೂರು ಅಂಕಿಯ ಕೊನೆಯದು ತಾಳೆಯ ಅಂಕಿ: ಒಂದನ್ನು 1ರಿಂದ, ಮುಂದಿನದನ್ನು 3ರಿಂದ ಗುಣಿಸುತ್ತ ಹೋಗಿ ಕೂಡಿಸಿದರೆ 10ರಿಂದ ಭಾಗವಾಗಬೇಕು. ಪಕ್ಕದ ಎರಡು ಅಂಕಿ ಜಾಗ ಬದಲಿಸಿದರೆ ಮೊತ್ತ ಅವುಗಳ ವ್ಯತ್ಯಾಸದ ಎರಡರಷ್ಟು ಹೆಚ್ಚುಕಡಿಮೆಯಾಗುತ್ತದೆ. ವ್ಯತ್ಯಾಸ 5 ಇದ್ದಾಗ ಸರಿಯಾಗಿ 10, ಹಾಗಾಗಿ ತಾಳೆ ಸರಿ ಎಂದೇ ತೋರಿಸುತ್ತದೆ. ಪ್ರಕಾಶಕರು ತಾಳೆ ಹಾಕಿ ನೋಡಿ ಸುಮ್ಮನಾಗಿದ್ದರು. ಸಿಕ್ಕಿದ್ದು ಈ ಸಂಖ್ಯೆ ಕೊಡುವ ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಬಂದ ಹಂಚಿಕೆ ಪತ್ರವನ್ನು ಪಕ್ಕದಲ್ಲಿಟ್ಟು ಅಂಕಿ ಅಂಕಿ ಓದಿದಾಗ. ಈ ಸಂಖ್ಯೆಗೆ ಶುಲ್ಕವಿಲ್ಲ. ಮರುಮುದ್ರಣಕ್ಕೆ ಹೊಸದು ಬೇಡ, ಇ-ಪುಸ್ತಕ ಮಾಡಿದರೆ ಬೇರೆಯದು ಬೇಕು.

ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕೆಂಬುದು 1954ರ ಕಾಯ್ದೆ. ಜವಾಬ್ದಾರಿ ಪ್ರಕಾಶಕರದು, ಅಂಚೆ ರಸೀದಿಯ ಫೋಟೊ ಕೇಳಿ ಇಟ್ಟುಕೊಂಡರೆ ಒಳ್ಳೆಯದು.

ತೆರಿಗೆಯದು ಚಿಕ್ಕ ಮೊತ್ತ, ಆದರೂ ಕಾಗದ ಬೇಕು. 2024–25ರಲ್ಲಿ ಒಬ್ಬ ಪ್ರಕಾಶಕರಿಂದ ವರ್ಷಕ್ಕೆ 30,000 ರೂಪಾಯಿ ಮೀರಿದ ರಾಯಧನಕ್ಕೆ ಆಗಿನ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಂ ಪ್ರಕಾರ ಶೇ. 10 ಮೂಲದಲ್ಲೇ ಕಡಿತ. ಪ್ಯಾನ್ ಕೊಡದಿದ್ದರೆ ಶೇ. 20. ಮಿತಿ 50,000ಕ್ಕೆ ಏರಿದ್ದು 2025ರ ಏಪ್ರಿಲ್ 1ರಿಂದ. ಅದೇ ಕಾಯ್ದೆಯ 80ಕ್ಯುಕ್ಯುಬಿ ಕಲಂ ಲೇಖಕರ ರಾಯಧನಕ್ಕೆ 3 ಲಕ್ಷದವರೆಗೆ ವಿನಾಯಿತಿ ಕೊಡುತ್ತಿತ್ತು, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಅದಕ್ಕೆ ಪ್ರಕಾಶಕರು ತುಂಬಿಕೊಡುವ 10ಸಿಸಿಡಿ ನಮೂನೆ ಬೇಕಿತ್ತು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ಆಮೇಲಿನ ವರ್ಷಗಳಿಗೆ ಕಲಂ ಸಂಖ್ಯೆಗಳನ್ನು ಲೆಕ್ಕಪರಿಶೋಧಕರ ಬಳಿ ಕೇಳಿಯೇ ಬರೆಯಬೇಕು.

ಧಾರಾವಾಹಿಯ ವಿಷಯದಲ್ಲಿ ಲೇಖಕಿ ಈ ಸಲ ಮುಂದಾಗಿಯೇ ಪತ್ರಿಕೆಗೆ ಮೂರು ಸಾಲಿನ ಇ-ಮೇಲ್ ಕಳಿಸಿದರು: ಕೊಟ್ಟಿರುವುದು ಧಾರಾವಾಹಿಯಾಗಿ ಒಮ್ಮೆ ಪ್ರಕಟಿಸುವ ಹಕ್ಕು, ಪುಸ್ತಕದ ಹಕ್ಕು ತಮ್ಮದು, ಒಪ್ಪಿಗೆ ಇದ್ದರೆ ಉತ್ತರಿಸಿ. ‘ಒಪ್ಪಿಗೆ’ ಎಂಬ ಉತ್ತರ ಮರುದಿನವೇ ಬಂತು. ಮೂರನೇ ಕಾದಂಬರಿಯ ಪುಟ ಕಟ್ಟುವ ಕೆಲಸವನ್ನು ಹೊಸ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ, ಯುನಿಕೋಡ್‌ನಲ್ಲೇ ಮಾಡಿಸಲು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ದರ ಕೇಳಿದ್ದಾರೆ. ಪುಟಕ್ಕೆ ದರ ಹೆಚ್ಚು. ಶಿರಸಿಯ ಆಪರೇಟರ್ ಅದನ್ನು ಕಲಿಯುವುದಾದರೆ ಮಳೆಗಾಲದವರೆಗೆ ಕಾಯುವುದಾಗಿ ಹೇಳಿದ್ದಾರೆ. ಮೊದಲ ಪ್ರೂಫ್ ಸೆಪ್ಟೆಂಬರ್ ಮೊದಲ ವಾರ, ಕೊನೆಯದು ಕೊನೆ ಕೊಯ್ಲಿನ ಮೊದಲು ಎಂದು ಕರಾರಿನಲ್ಲೇ ಬರೆಸುವುದು ಅವರ ಷರತ್ತು.